ಎಳೆದಷ್ಟೂ ಬಿಗಿಯಾಗುವ ಹಿಡಿತ

ಕೇಳುಗರಿಗೆ ನಮಸ್ಕಾರ.

ನಾವು ದಿನಕ್ಕೆ ಹೆಚ್ಚುಕಡಿಮೆ 20,000 ಸಲ ಉಸಿರಾಡುತ್ತೇವೆ. ಪ್ರತಿ ಸಲವೂ ಶ್ವಾಸಕೋಶ ಹಿಗ್ಗುತ್ತದೆ, ಕುಗ್ಗುತ್ತದೆ. ಇಷ್ಟಾದರೂ ಅದು ಯಾಕೆ ಹರಿಯುವುದಿಲ್ಲ?

ಶ್ವಾಸಕೋಶದ ಒಳಗೆ ಪುಟ್ಟ ಪುಟ್ಟ ಗಾಳಿಚೀಲಗಳಿವೆ. ದೊಡ್ಡವರಲ್ಲಿ ಸುಮಾರು 48 ಕೋಟಿ. ಚೀಲದ ಗೋಡೆ ಬಹಳ ತೆಳು. ಗಾಳಿಗೂ ರಕ್ತಕ್ಕೂ ನಡುವೆ ಕೆಲವು ಕಡೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಜಾಗವೂ ಇಲ್ಲ. ಗೋಡೆಯ ಜೀವಕೋಶಗಳ ನಡುವೆ ಸಂದು ಬಿಟ್ಟರೆ ನೀರು ಒಳಗೆ ಸೋರುತ್ತದೆ. ಅದಕ್ಕೇ ಅವು ಒಂದನ್ನೊಂದು ಹಿಡಿದುಕೊಂಡಿರುತ್ತವೆ.

ಹಿಡಿಯುವ ಕೆಲಸ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನದು. ಅದರ ಒಂದು ತುದಿ ಹೊರಗಿದ್ದು, ಪಕ್ಕದ ಜೀವಕೋಶದ ಇ-ಕ್ಯಾಡ್‌ಹೆರಿನ್ನನ್ನು ಹಿಡಿಯುತ್ತದೆ. ಇದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಲ್ಯಾಬಿನ ತಟ್ಟೆಯಲ್ಲಿ ಕ್ಯಾಲ್ಸಿಯಂ ತೆಗೆದರೆ ಜೀವಕೋಶಗಳು ಬಿಡಿಬಿಡಿಯಾಗುತ್ತವೆ. ಜಪಾನಿನ ಮಸಾತೋಶಿ ತಾಕೆಯಿಚಿ ಇದೇ ಜಾಡು ಹಿಡಿದು ಕ್ಯಾಡ್‌ಹೆರಿನ್‌ಗಳನ್ನು ಪತ್ತೆ ಮಾಡಿದರು. ಹಾಗಂತ ಜಾಸ್ತಿ ಹಾಲು ಕುಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ ಅಂದುಕೊಳ್ಳಬೇಡಿ. ರಕ್ತದ ಕ್ಯಾಲ್ಸಿಯಂ ಎಷ್ಟಿರಬೇಕೆಂದು ದೇಹವೇ ನೋಡಿಕೊಳ್ಳುತ್ತದೆ.

ಬರೀ ಹೊರಗೆ ಹಿಡಿದರೆ ಸಾಲದು, ಅಲ್ವಾ? ಒಳಗೂ ಆಧಾರ ಬೇಕು. ಜೀವಕೋಶದೊಳಗೆ ಆಕ್ಟಿನ್ ಎಂಬ ಎಳೆಗಳ ಜಾಲವಿದೆ. ಇ-ಕ್ಯಾಡ್‌ಹೆರಿನ್‌ನ ಒಳತುದಿಗೆ ಬೀಟಾ-ಕ್ಯಾಟೆನಿನ್, ಅದಕ್ಕೆ ಆಲ್ಫಾ-ಕ್ಯಾಟೆನಿನ್, ಅದಕ್ಕೆ ಆಕ್ಟಿನ್ ಎಳೆ. ಹೀಗೆ ಕೊಂಡಿಗೆ ಕೊಂಡಿ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಆಲ್ಫಾ-ಕ್ಯಾಟೆನಿನ್. ಸುಮ್ನೆ ಇದ್ದಾಗ ಅದು ಮಡಚಿಕೊಂಡಿರುತ್ತದೆ. ಎಳೆತ ಬಿದ್ದಾಗ ಬಿಚ್ಚಿಕೊಳ್ಳುತ್ತದೆ. ಆಗ ಒಳಗೆ ಅಡಗಿದ್ದ ಜಾಗವೊಂದು ಹೊರಗೆ ಬರುತ್ತದೆ. ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಅಲ್ಲಿ ಕಚ್ಚಿಕೊಂಡು, ಇನ್ನಷ್ಟು ಆಕ್ಟಿನ್ ಎಳೆಗಳನ್ನು ಸೇರಿಸುತ್ತದೆ. ನಂಜನಗೂಡಿನ ತೇರು ಭಾರವಾದಾಗ ಪಕ್ಕದಲ್ಲಿ ನಿಂತವರೂ ಹಗ್ಗಕ್ಕೆ ಕೈ ಹಾಕುತ್ತಾರಲ್ಲ, ಹಾಗೆ. ಎಳೆತವೇ ಹಿಡಿತವನ್ನು ಬಿಗಿ ಮಾಡುತ್ತದೆ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಜೀವಕೋಶದ ಕೆಳಗಿನ ನೆಲವನ್ನು ಹಿಡಿಯುವುದು ಇಂಟೆಗ್ರಿನ್. ಅಲ್ಲಿ ಟ್ಯಾಲಿನ್ ಎಂಬ ಪ್ರೋಟೀನ್ ಇದೇ ರೀತಿ ಬಿಚ್ಚಿಕೊಳ್ಳುತ್ತದೆ.

ಆದರೆ ಇದಕ್ಕೂ ಮಿತಿಯಿದೆ. ವೆಂಟಿಲೇಟರ್ ಜಾಸ್ತಿ ಗಾಳಿ ತಳ್ಳಿದರೆ, ಮೊದಲೇ ಹಾಳಾದ ಶ್ವಾಸಕೋಶ ಇನ್ನೂ ಸೋರುತ್ತದೆ. 2000ದಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು, ಒಂದು ಉಸಿರಿಗೆ, ರೋಗಿಯ ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟು ನೋಡಿತು. ಸಾವು ಸುಮಾರು 40ರಿಂದ 31 ಪ್ರತಿಶತಕ್ಕೆ ಇಳಿಯಿತು. ಐಸಿಯು ವೈದ್ಯರು ಇವತ್ತಿಗೂ ಆ ಲೆಕ್ಕ ಮರೆಯುವುದಿಲ್ಲ.

ಇನ್ನೊಂದು ಶತ್ರು ಹೊಗೆ. ಸಿಗರೇಟಿನ ಹೊಗೆಯ ಸಾರ ತಾಗಿದರೆ ಇ-ಕ್ಯಾಡ್‌ಹೆರಿನ್ ತನ್ನ ಜಾಗ ಬಿಡುತ್ತದೆ ಎಂದು ಲ್ಯಾಬಿನಲ್ಲಿ ಕಂಡಿದ್ದಾರೆ. ನಮ್ಮಲ್ಲಿ ಸೇದದವರಿಗೂ ಹೊಗೆ ತಪ್ಪಿದ್ದಲ್ಲ. ಮಂಡ್ಯದ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವರಿದ್ದಾರೆ. ಸೌದೆ ಒಲೆ ಊದುವ ಹೆಣ್ಣುಮಕ್ಕಳಿದ್ದಾರೆ. ಮೈಸೂರು ಸುತ್ತಲಿನ ಹಳ್ಳಿಯ ಹೆಂಗಸರ ಬಗ್ಗೆಯೇ ವೈದ್ಯರು ಅಧ್ಯಯನ ಮಾಡಿದ್ದಾರೆ. ಅವರ ಲೆಕ್ಕ ಸುಲಭ. ದಿನಕ್ಕೆ ಒಲೆ ಮುಂದೆ ಎಷ್ಟು ಗಂಟೆ, ಹಾಗೆ ಎಷ್ಟು ವರ್ಷ, ಎರಡನ್ನೂ ಗುಣಿಸಿ. 60 ಮುಟ್ಟಿದರೆ ಬಿಡದ ಕೆಮ್ಮು-ಕಫದ ಅಪಾಯ ಜಾಸ್ತಿ. ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದ್ದರೆ ಅಲ್ಲಿಗೆ 60 ಆಯಿತು. ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಕೆಮ್ಮಿದ್ದರೆ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಈ ಲೆಕ್ಕವನ್ನೂ ಹೇಳಿ.

ನಮಸ್ಕಾರ.