ಹಾರುವ ಮೊದಲೇ ಆರ್ಡರ್ ಆದ ವಿಮಾನ

ಈ ಎಂಜಿನ್ನಿನ ಹಿಂಬದಿಯಲ್ಲಿ ಸುತ್ತಲೂ ಕಾಣುವ ತಗಡಿನ ರೆಪ್ಪೆಗಳನ್ನು ನೋಡಿ. ತೆರೆದರೆ ಗಾಳಿ ಹರಿದು ಎಂಜಿನ್ ತಣಿಯುತ್ತದೆ, ಆದರೆ ತೆರೆದಷ್ಟೂ ಅದೇ ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಒಳಗೆ ಎರಡು ಸಾಲಿನಲ್ಲಿ 18 ಸಿಲಿಂಡರುಗಳು. ಹಿಂದಿನ ಸಾಲಿಗೆ ತಂಗಾಳಿ ಸಿಗುವುದೇ ಕಷ್ಟ.

ನಾನಿರುವುದು ಅಮೆರಿಕದ ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ, ಎರಡನೇ ಮಹಾಯುದ್ಧದ ಬಾಂಬರ್ ವಿಮಾನ ಬಿ-29ರ ಕೆಳಗೆ. ಇದು ಯುದ್ಧ ಮುಗಿಸಿ ಬಂದ ವಿಮಾನ. ನನ್ನನ್ನು ಕಾಡುವುದು ಇದರ ಅಣ್ಣಂದಿರು. ಮೊದಲ ಎಕ್ಸ್‌ಬಿ-29, ಅಂದರೆ ಮೂಲಮಾದರಿ, ಪಕ್ಕದ ಬೋಯಿಂಗ್ ಫೀಲ್ಡ್ ವಿಮಾನ ನಿಲ್ದಾಣದಿಂದಲೇ 1942ರ ಸೆಪ್ಟೆಂಬರ್ 21ರಂದು ಹಾರಿತು. ಆ ಹೊತ್ತಿಗಾಗಲೇ 1,600ಕ್ಕೂ ಹೆಚ್ಚು ವಿಮಾನಗಳಿಗೆ ಆರ್ಡರ್ ಹೋಗಿತ್ತು! ಶುದ್ಧ ಹುಚ್ಚುತನ.

ಎರಡನೆಯದು ಮೊದಲ ಹಾರಾಟದಲ್ಲೇ ಹೊತ್ತಿಕೊಂಡಿತು. ಪರೀಕ್ಷಾ ಪೈಲಟ್ ಎಡ್ಡಿ ಅಲೆನ್ ಹೇಗೋ ಇಳಿಸಿದರು. 1943ರ ಫೆಬ್ರುವರಿ 18ರಂದು ಅದೇ ವಿಮಾನ, ಅದೇ ಅಲೆನ್. ಎಡತುದಿಯ ಎಂಜಿನ್ನಿಗೆ ಬೆಂಕಿ ಬಿತ್ತು, ಆರಿಸಿದರು, ಹಿಂತಿರುಗಿದರು. ಬೆಂಕಿ ಆರಿರಲಿಲ್ಲ, ರೆಕ್ಕೆಯೊಳಗೆ ಹೊಕ್ಕಿತ್ತು. ರನ್‌ವೇಗೆ ಇನ್ನು ಮೂರು ಮೈಲಿ ಇರುವಾಗ ಮಾಂಸ ಸಂಸ್ಕರಣೆಯ ಕಾರ್ಖಾನೆಯೊಂದರ ಮೇಲೆ ಬಿದ್ದರು. ವಿಮಾನದಲ್ಲಿದ್ದ 11 ಮಂದಿಯೂ ಸತ್ತರು. ಕಾರ್ಖಾನೆಯಲ್ಲಿ ಸುಮಾರು 20 ಮಂದಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಬಂದವರು. ವಿಮಾನಕ್ಕೂ ಅವರಿಗೂ ಏನು ಸಂಬಂಧ? ಮೂರು ಮೈಲಿ ಎಂದರೆ ಆಕಾಶದಲ್ಲಿ ಒಂದೆರಡು ನಿಮಿಷದ ದಾರಿ. ಬೆಳಿಗ್ಗೆ ಆ ಕಡೆಯಿಂದಲೇ ಕಾರಿನಲ್ಲಿ ಬಂದೆ, ಸಿಗ್ನಲ್‌ನಲ್ಲಿ ನಿಂತು ಸುಮ್ಮನೆ ಆಕಾಶ ನೋಡಿದೆ.

ಚಾವಣಿಯ ಮೇಲೆ ಮಳೆಯ ಸದ್ದು ಕೇಳಿಸುತ್ತಿದೆಯೇ? ನಮ್ಮ ಮಲೆನಾಡಿನ ಸೋನೆಯ ಹಾಗೆಯೇ, ಹಿಡಿದರೆ ಬಿಡುವುದಿಲ್ಲ. ಫ್ಲಾಸ್ಕಿನ ಕಾಫಿಯೂ ಮುಗಿಯಿತು. ಇರಲಿ, ಬಾಲದ ಕಡೆಗೆ ಹೋಗೋಣ.

ಆಮೇಲೆ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ 14 ವೈಬಿ-29ಗಳು, ಅಂದರೆ ಸೇನೆಯ ಪರೀಕ್ಷೆಗೆಂದೇ ಮಾಡಿದ ವಿಮಾನಗಳು, ತಯಾರಾದವು. ಅವುಗಳಲ್ಲೊಂದು 'ಹೋಬೋ ಕ್ವೀನ್'. ಬಿ-29ಗಳು ಯುರೋಪಿಗೇ ಬರುತ್ತವೆ ಎಂದು ನಂಬಿಸಲು, 1944ರಲ್ಲಿ ಜರ್ಮನರ ಕಣ್ಣಿಗೆ ಬೀಳಲೆಂದೇ ಅದನ್ನು ಇಂಗ್ಲೆಂಡಿಗೆ ಕಳಿಸಿದರು, ಅಲ್ಲಿಂದ ಅದು ನಮ್ಮ ಭಾರತಕ್ಕೆ ಬಂತು. ಆಗ ಬಿ-29ಗಳ ನೆಲೆಗಳಿದ್ದದ್ದು ಖರಗ್‌ಪುರದ ಸುತ್ತಮುತ್ತ. ಪರೀಕ್ಷೆಗೆಂದು ಹುಟ್ಟಿದ ವಿಮಾನ ಅಲ್ಲಿಯವರೆಗೆ ಹಾರಿತಲ್ಲ! ಹುಚ್ಚುತನ ಎಂದೆನಲ್ಲ, ವಿಮಾನದ ಮಟ್ಟಿಗೆ ಆ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಎಂಜಿನ್ನಿನ ಮಟ್ಟಿಗೆ ಇಲ್ಲ. ಅದು ಇನ್ನೂ ಬೇಯದ ಅನ್ನ, ಬಡಿಸಿಬಿಟ್ಟರು.

ಬಾಲ ಬಂತು. ಈ ಕಿಟಕಿಯ ಹಿಂದೆ ಗನ್ನರ್ ಒಬ್ಬನೇ ಕೂರುತ್ತಿದ್ದ. ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.