ಏಳು ಸಾವಿರದ ಕೆಂಪು ಡಬ್ಬಿ, ರೋಬೋಟ್ ಬಾಕ್ಸಿಂಗ್ ಮತ್ತು ನನ್ನ ಸುಟ್ಟ ಬೆರಳು

ಹಾಂ, ರೆಕಾರ್ಡ್ ಆಗುತ್ತಿದೆ. ನಮಸ್ಕಾರ, ಕವಾಸಾಕಿಯಿಂದ ಮತ್ತೆ ನಾನೇ.

ಮೇಜಿನ ಮೇಲಿರುವ ಈ ಕೆಂಪು ಡಬ್ಬಿ ನೋಡಿ ನಿನ್ನೆ ವಿಡಿಯೊ ಕಾಲ್‌ನಲ್ಲಿ ಅಮ್ಮ ಗಾಬರಿಯಾದರು. "ಏನೇ ಅದು, ಕಣ್ಣಿನ ಆಸ್ಪತ್ರೆಗೆ ಹೋಗಿದ್ದೀಯಾ?" ಅಂದರು. ಅವರದೇನೂ ತಪ್ಪಿಲ್ಲ. ಕನ್ನಡಕದ ನಂಬರ್ ನೋಡುವಾಗ ಬಗ್ಗಿಸಿ ಕೂರಿಸುತ್ತಾರಲ್ಲ, ಥೇಟ್ ಹಾಗೇ ಕೂತು ಆಡಬೇಕು.

ಇದು ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ವರ್ಚುವಲ್ ಬಾಯ್, ಒಳಗೆ ಕಣ್ಣಿಟ್ಟು ನೋಡುತ್ತಾ ಆಡುವ 3ಡಿ ಗೇಮ್ ಮೆಷಿನ್. 1995ರ ಜುಲೈನಲ್ಲಿ ಜಪಾನಿನಲ್ಲಿ ಬಂತು. ವರ್ಷ ಮುಗಿಯುವಷ್ಟರಲ್ಲಿ ಇಲ್ಲಿ ಹೊಸ ಗೇಮ್ ಬರುವುದೇ ನಿಂತುಹೋಯಿತು. ಪ್ರಪಂಚದಲ್ಲೆಲ್ಲ ಸೇರಿ ಬಂದಿದ್ದೇ 22 ಗೇಮ್. ಇದನ್ನು ಮಾಡಿದವರು ಗುನ್ಪೇ ಯೊಕೊಯಿ. ಕೈಯಲ್ಲಿ ಹಿಡಿದು ಆಡುವ, ಭರ್ಜರಿಯಾಗಿ ಓಡಿದ ಗೇಮ್ ಬಾಯ್ ಮಾಡಿದವರೂ ಅವರೇ. ಒಂದೇ ತಲೆಯಿಂದ ಅದೂ ಬಂತು, ಇದೂ ಬಂತು.

ಈಗ ದುಡ್ಡಿನ ವಿಷಯ. ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ತೆಗೆದುಕೊಂಡೆ. ಇಲ್ಲಿನ ಅಂಗಡಿಗಳಲ್ಲಿ "ಜಂಕು" ಅಂತ ಒಂದು ಮೂಲೆ ಇರುತ್ತದೆ. ಚೀಟಿ ಅಂಟಿಸಿರುತ್ತಾರೆ: ಪರೀಕ್ಷೆ ಮಾಡಿಲ್ಲ, ವಾಪಸ್ ಇಲ್ಲ. ನಾನು ಕೊಟ್ಟಿದ್ದು 12,000 ಯೆನ್, ಹತ್ತಿರ ಹತ್ತಿರ ಏಳು ಸಾವಿರ ರೂಪಾಯಿ. ಹೊಸದಾಗಿ ಬಂದಾಗ ಇದರ ಬೆಲೆ 15,000 ಯೆನ್. ಅಂದರೆ ಮೂವತ್ತು ವರ್ಷ ಕಳೆದ ಮೇಲೆ, ಕೆಟ್ಟುಹೋಗಿದ್ದಕ್ಕೆ, ಬರೀ ಮೂರು ಸಾವಿರ ಕಡಿಮೆ! ನಮ್ಮ ದಾವಣಗೆರೆಯಲ್ಲಿ ಹಳೇ ಸಾಮಾನಿನವನ ಹತ್ತಿರ ಹೀಗೆ ಚೌಕಾಸಿ ಮಾಡದೆ ಬಂದಿದ್ದರೆ ಅಜ್ಜಿ ಮನೆಯೊಳಗೇ ಸೇರಿಸುತ್ತಿರಲಿಲ್ಲ.

ಮನೆಗೆ ತಂದು ನೋಡಿದರೆ ಬಲಗಣ್ಣಿಗೆ ಬರೀ ಗೆರೆ. ಎಡಗಣ್ಣಿಗೆ ರೋಬೋಟ್, ಬಲಗಣ್ಣಿಗೆ ಇಡ್ಲಿ ಬಟ್ಟೆ.

ಆಮೇಲೆ ಗೊತ್ತಾಯಿತು, ಇದು ಈ ಮೆಷಿನ್ನಿನ ಹುಟ್ಟು ಕಾಯಿಲೆ. ಒಳಗೆ ಚಿತ್ರ ತೋರಿಸುವ ಬೋರ್ಡಿಗೆ ಒಂದು ಚಪ್ಪಟೆ ಕೇಬಲ್ ಬರುತ್ತದೆ. ಅದನ್ನು ಸೋಲ್ಡರ್ ಮಾಡಿಲ್ಲ, ಅಂದರೆ ಲೋಹ ಕರಗಿಸಿ ಬೆಸೆದಿಲ್ಲ, ಅಂಟು ಹಾಕಿ ಕೂರಿಸಿದ್ದಾರೆ. ವರ್ಷ ಕಳೆದಂತೆ ಅಂಟು ಸಾಯುತ್ತದೆ, ಗೆರೆ ಹುಟ್ಟುತ್ತದೆ. ಕೆಲವರು ಆ ಭಾಗವನ್ನು ಓವನ್‌ನಲ್ಲಿ ಇಟ್ಟು ಬಿಸಿ ಮಾಡುತ್ತಾರಂತೆ. ನಮ್ಮನೆಯವರು ಓವನ್ ಮುಂದೆ ನಿಂತುಬಿಟ್ಟರು. ಸರಿ, ಅದರಲ್ಲೇ ನಾಳೆ ಬ್ರೆಡ್ ಬಿಸಿ ಮಾಡಬೇಕು, ಅವರದೂ ನ್ಯಾಯವೇ.

ಹಾಗಾಗಿ ಸೋಲ್ಡರ್. ಕೇಬಲ್ ಮೇಲಿನ ಪೊರೆ ಕೆರೆದು, ಕೂದಲೆಳೆಯಂಥ ತಂತಿ ಒಂದೊಂದನ್ನೂ ಕೂರಿಸಬೇಕು. ಕಾಲೇಜ್ ಲ್ಯಾಬ್ ಬಿಟ್ಟ ಮೇಲೆ ಸೋಲ್ಡರಿಂಗ್ ಐರನ್ ಹಿಡಿದಿರಲಿಲ್ಲ. ಮೂರು ಸಂಜೆ ಹೋಯಿತು. ಈ ಬೆರಳು ನೋಡಿ. ಫೋಕಸ್ ಆಗುತ್ತಿಲ್ಲ, ಬಿಡಿ.

ಈಗ ಗೇಮ್. ಹೆಸರು ಟೆಲಿರೋಬಾಕ್ಸರ್. ಮೆಷಿನ್ ಜೊತೆಗೇ ಮೊದಲ ದಿನ ಬಂದ ಗೇಮ್‌ಗಳಲ್ಲಿ ಇದೂ ಒಂದು. ನಾವು ಹ್ಯಾರಿ ಅನ್ನುವ ರೋಬೋಟನ್ನು ದೂರದಿಂದ ಆಡಿಸುತ್ತೇವೆ, ನೋಡುವುದು ಅವನ ಕಣ್ಣಿಂದಲೇ. ಹ್ಯಾರಿಯ ಮುಖ ನಮಗೆ ಕಾಣುವುದಿಲ್ಲ, ಮುಂದೆ ಎರಡು ಕೈ ಅಷ್ಟೇ. ಎದುರಿಗಿರುವವನು ಪಗೇರೊ, ಮೊದಲ ಎದುರಾಳಿ.

ನಿಮಗೆ ಚಿತ್ರ ಮಿನುಗುತ್ತಿದೆ ಅಲ್ವಾ? ಕ್ಯಾಮೆರಾ ತಪ್ಪಲ್ಲ. ಒಳಗೆ ಪರದೆಯೇ ಇಲ್ಲ. ಒಂದೊಂದು ಕಣ್ಣಿಗೂ 224 ಕೆಂಪು ಎಲ್‌ಇಡಿಗಳ ಒಂದೇ ಒಂದು ಸಾಲು. ಅದರ ಮುಂದೆ ಒಂದು ಕನ್ನಡಿ ಸೆಕೆಂಡಿಗೆ 50 ಸಲ ಅಲ್ಲಾಡಿ ಸಾಲನ್ನು ಚಿತ್ರ ಮಾಡುತ್ತದೆ. ಕಣ್ಣು ನಂಬುತ್ತದೆ, ಫೋನ್ ನಂಬುವುದಿಲ್ಲ. ಕೆಂಪೇ ಯಾಕೆ ಅಂದರೆ ಆಗ ಕೆಂಪು ಎಲ್‌ಇಡಿ ಅಗ್ಗ, ಕರೆಂಟೂ ಜಾಸ್ತಿ ಬೇಡ.

ಬಿದ್ದೆ. ಮಾತಾಡುತ್ತಾ ಬಿದ್ದೆ.

ನಿಜ ಹೇಳುತ್ತೇನೆ, ಮೊದಲ ಎರಡು ದಿನ ಇದು ದಂಡ ಅನ್ನಿಸಿತ್ತು. ಕಂಟ್ರೋಲರ್‌ನಲ್ಲಿ ಎರಡು ಪ್ಲಸ್ ಬಟನ್ ಇವೆ, ಎಡದ್ದು ಎಡಗೈಗೆ, ಬಲದ್ದು ಬಲಗೈಗೆ. ಮೇಲೆ ಒತ್ತಿದರೆ ಮುಖ ಕಾಯುತ್ತದೆ, ಕೆಳಗೆ ಒತ್ತಿದರೆ ಹೊಟ್ಟೆ. ಗುದ್ದುವುದಕ್ಕೆ ಹಿಂದೆ ಬೇರೆ ಬಟನ್. ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾ ಇನ್ನೊಂದು ಕೈಯಲ್ಲಿ ರಂಗೋಲಿ ಹಾಕಿದ ಹಾಗೆ. ಆದರೆ ಆ ಮಾತು ವಾಪಸ್. ಒಮ್ಮೆ ಕೈ ಕೂತ ಮೇಲೆ ಬೇರೆ ಬಾಕ್ಸಿಂಗ್ ಗೇಮ್ ಸಪ್ಪೆ. ಪಗೇರೊನ ಮುಷ್ಟಿ ನಿಜವಾಗಲೂ ಮೂಗಿನ ಹತ್ತಿರ ಬರುತ್ತದೆ, ನಾನು ಕುರ್ಚಿಯಲ್ಲಿ ಹಿಂದೆ ಸರಿದೆ. ಆ ಆಳ ನಿಮಗೆ ಈ ವಿಡಿಯೊದಲ್ಲಿ ಕಾಣುವುದೇ ಇಲ್ಲ. ನಾನು ಸುಟ್ಟುಕೊಂಡ ಬೆರಳೆಲ್ಲ ಅದಕ್ಕೇ, ನೋಡಿದರೆ ಅದನ್ನೇ ತೋರಿಸೋಕೆ ಆಗುತ್ತಿಲ್ಲ!

ಕತ್ತು ಮಾತ್ರ ಹೋಯಿತು. ಆ ವಿಷಯದಲ್ಲಿ ಮಾತು ವಾಪಸ್ ಇಲ್ಲ. ಎರಡು ಕಾಲಿನ ಈ ಸ್ಟ್ಯಾಂಡ್ ಯಾರ ಎತ್ತರಕ್ಕೂ ಸರಿ ಹೋಗುವುದಿಲ್ಲ.

ಕೊನೆಯ ಚಾಂಪಿಯನ್ ಒಂದು ಬೆಕ್ಕು. ಇಷ್ಟೆಲ್ಲ ರೋಬೋಟ್ ದಾಟಿ ಹೋದರೆ ಬೆಕ್ಕು. ನಾನು ಅಲ್ಲಿಗೆ... ಅಯ್ಯೋ, ಆರಿಹೋಯಿತು. ಆರು ಶೆಲ್ಲು ತಿನ್ನುತ್ತದೆ ಇದು. ಹಿಂದೆ ಗಡಿಯಾರ ನಾಲ್ಕೂ ಹತ್ತಕ್ಕೇ ನಿಂತಿದೆ, ಯಾಕೆ ಅಂತ ನೀವು ಕೇಳುವ ಮೊದಲು ಹೇಳಿಬಿಡುತ್ತೇನೆ, ಆರನೇ ಶೆಲ್ಲು ಅದರದ್ದೇ. ನಮ್ಮನೆಯವರು ಇನ್ನೂ ನೋಡಿಲ್ಲ. ಬಾಗಿಲ ಸದ್ದು ಆಯಿತು, ಕಟ್ ಮಾಡುತ್ತೇನೆ.