ಚಳಿಗೆ ಮುಂಚೆ ಮೋಟರ್‌ಹೋಮ್‌ನ ಕೊಳಾಯಿಗಳು

ಕೇಳುಗರಿಗೆ ನಮಸ್ಕಾರ.

ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ ಇರುವ ನಮ್ಮವರಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರಿಗೆ, ಅಂದರೆ ಒಳಗೇ ಮಲಗಲು, ಅಡುಗೆಗೆ, ಸ್ನಾನಕ್ಕೆ ಅನುಕೂಲವಿರುವ ಗಾಡಿ ಇರುವವರಿಗೆ, ಇವತ್ತಿನ ಮಾತು. ಬೇಸಿಗೆ ಪೂರ್ತಿ ಯೆಲ್ಲೊಸ್ಟೋನ್, ಬ್ಯಾಡ್‌ಲ್ಯಾಂಡ್ಸ್, ಸುಪೀರಿಯರ್ ಸರೋವರದ ದಂಡೆ ಅಂತ ಸುತ್ತಾಡಿ, ಮಕ್ಕಳ ಶಾಲೆ ಶುರುವಾದ ಮೇಲೆ ಗಾಡಿಯನ್ನು ಮನೆ ಪಕ್ಕ ನಿಲ್ಲಿಸಿಬಿಡುತ್ತೇವೆ. ಆಮೇಲೆ ಏಪ್ರಿಲ್‌ವರೆಗೆ ಅದರ ನೆನಪೇ ಇರುವುದಿಲ್ಲ. ಹಾಗೆ ಮರೆಯುವ ಮುಂಚೆ ಅದರ ಕೊಳಾಯಿ, ಹೀಟರ್, ಪಂಪುಗಳಿಗೆ ಚಳಿಗಾಲದ ತಯಾರಿ ಮಾಡಿಬಿಡಿ. ಅರ್ಧ ದಿನದ ಕೆಲಸ, ಮಾಡದಿದ್ದರೆ ಆಗುವ ಖರ್ಚು ತುಂಬಾ ದೊಡ್ಡದು.

‘ಟ್ಯಾಂಕ್ ಖಾಲಿ ಮಾಡಿದ್ದೀನಿ, ಇನ್ನೇನು ಬೇಕು?’ ಅಂತ ಅನೇಕರು ಕೇಳುತ್ತಾರೆ. ಟ್ಯಾಂಕ್ ಖಾಲಿ ಆಗಿರುತ್ತದೆ, ನಿಜ. ಆದರೆ ಒಡೆಯುವುದು ಟ್ಯಾಂಕ್ ಅಲ್ಲವಲ್ಲ! ಪೈಪು ಬಾಗುವ ಕಡೆ, ವಾಲ್ವ್ ಒಳಗೆ, ಪಂಪಿನ ಹೊಟ್ಟೆಯಲ್ಲಿ ನಾಲ್ಕು ಚಮಚೆಯಷ್ಟು ನೀರು ಉಳಿದಿರುತ್ತದೆ ನೋಡಿ, ನಷ್ಟ ಮಾಡುವುದು ಅದು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಾದರೆ ಮಿಕ್ಕ ಕೆಲಸವೆಲ್ಲ ತಾನೇ ಅರ್ಥವಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಮಂಜುಗಡ್ಡೆ ಒಳಗಿನಿಂದ ತಳ್ಳಿ ಪೈಪನ್ನು ಸೀಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಆಗುವುದು ಬೇರೆ. ಪೈಪಿನ ಒಂದು ಕಡೆ ಗಡ್ಡೆ ಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ನಲ್ಲಿ ಮುಚ್ಚಿರುತ್ತದೆ. ಗಡ್ಡೆ ಬೆಳೆಯುತ್ತಾ ಬಂದ ಹಾಗೆ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ, ಕೊನೆಗೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಿರುಕು ಬಿಡುತ್ತದೆ. ಈಗಿನ ಗಾಡಿಗಳಲ್ಲಿ ಹಾಕುವ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಕೊಂಚ ಹಿಗ್ಗಿ ತಾಳಿಕೊಳ್ಳುತ್ತದೆ. ಆದರೆ ಅದಕ್ಕೆ ಸೇರಿಸಿದ ಪ್ಲಾಸ್ಟಿಕ್ ಎಲ್ಬೋ, ಷವರಿನ ನಲ್ಲಿ, ಟಾಯ್ಲೆಟ್ ವಾಲ್ವ್ ಇವೆಲ್ಲ ತಾಳುವುದಿಲ್ಲ. ಅದಕ್ಕೇ ನಲ್ಲಿಗಳನ್ನೆಲ್ಲ ತೆರೆದಿಡಿ ಅನ್ನುವುದು.

ಯಾವಾಗ ಮಾಡಬೇಕು? ಕ್ಯಾಲೆಂಡರ್ ನೋಡಬೇಡಿ, ರಾತ್ರಿಯ ತಾಪಮಾನ ನೋಡಿ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಮುಟ್ಟಿ ತಿರುಗಿ ಏರಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೈನಸ್ 2, ಮೈನಸ್ 3ರಲ್ಲಿ ಕೆಲವು ಗಂಟೆ ನಿಂತಿತು ಅಂದರೆ ಅಪಾಯ. ಅಕ್ಟೋಬರ್ ನಡುವಿನ ಹೊತ್ತಿಗೆ ಉತ್ತರದ ಅನೇಕ ಕ್ಯಾಂಪ್‌ಗ್ರೌಂಡ್‌ಗಳು ತಮ್ಮ ನೀರನ್ನೇ ಬಂದ್ ಮಾಡಿಬಿಡುತ್ತವೆ. ಟ್ಯಾಂಕ್ ತೊಳೆಯಲು ನೀರು ಸಿಗುವಾಗಲೇ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಇನ್ನು ಡಲ್ಲಾಸ್, ಆಸ್ಟಿನ್ ಕಡೆಯವರು ‘ನಮಗೆ ಇದೆಲ್ಲ ಬೇಡ’ ಅನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಏನಾಯಿತು ಅಂತ ನೆನಪಿದೆ ಅಲ್ವಾ? ಕರೆಂಟ್ ಹೋಗಿ, ಬೆಚ್ಚಗಿರಬೇಕಾದ ಮನೆಗಳ ಒಳಗೇ ಪೈಪುಗಳು ಒಡೆದವು. ಹೊರಗೆ ನಿಂತ ಮೋಟರ್‌ಹೋಮ್‌ನ ತೆಳು ಗೋಡೆ ಎಷ್ಟು ಕಾಪಾಡೀತು?

ಸರಿ, ಕೆಲಸಕ್ಕೆ ಬರೋಣ. ಮೊದಲು ಕೊಳಕು ನೀರಿನ ಟ್ಯಾಂಕ್‌ಗಳನ್ನು ಕೊಳಕು ನೀರು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ. ಟಾಯ್ಲೆಟ್ಟಿನದು ಮೊದಲು, ಸಿಂಕಿನ ನೀರಿನದು ಆಮೇಲೆ. ಆಗ ಹಿಂದೆ ಬರುವ ಸೋಪಿನ ನೀರು ಹೋಸ್ ತೊಳೆದುಕೊಡುತ್ತದೆ. ಕುಡಿಯುವ ನೀರಿನ ಟ್ಯಾಂಕಿನ ಡ್ರೈನ್ ತೆರೆದು ನೀರು ಹರಿಯಲು ಬಿಡಿ. ನೀರಿನ ಫಿಲ್ಟರ್ ಇದ್ದರೆ ಒಳಗಿನ ಕಾರ್ಟ್ರಿಡ್ಜ್ ತೆಗೆದು ಬಿಸಾಕಿ.

ವಾಟರ್ ಹೀಟರ್ ಹತ್ತಿರ ಮಾತ್ರ ಅವಸರ ಬೇಡ. ಗ್ಯಾಸ್ ಮತ್ತು ಕರೆಂಟ್ ಎರಡೂ ಸ್ವಿಚ್ ಆಫ್ ಮಾಡಿ, ಹಿಂದಿನ ರಾತ್ರಿಯೇ ಮಾಡಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಳಗಿನ ನೀರು ಪೂರ್ತಿ ತಣ್ಣಗಾಗಬೇಕು. ಹೊರಗಿನಿಂದ ಬರುವ ನೀರು ಬಂದ್ ಆಗಿರಲಿ, ಪಂಪ್ ಆಫ್ ಇರಲಿ. ಒಳಗೆ ಒಂದು ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲೆ ಹೀಟರಿನ ಮೇಲ್ಭಾಗದಲ್ಲಿರುವ ಪ್ರೆಷರ್ ರಿಲೀಫ್ ವಾಲ್ವಿನ ಪುಟ್ಟ ಹಿಡಿ ಎತ್ತಿ. ಅಲ್ಲಿಂದ ಬುಸ್ ಅನ್ನುವುದು ನಿಂತ ಮೇಲೆ ಮಾತ್ರ ಕೆಳಗಿನ ಬಿರಡೆಗೆ ಕೈ ಹಾಕಿ. ಬಿಸಿನೀರು ಒತ್ತಡದಲ್ಲಿದ್ದಾಗ ಬಿರಡೆ ತೆಗೆದು ಮುಖ, ಕೈ ಸುಟ್ಟುಕೊಂಡವರಿದ್ದಾರೆ. ನೇರ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ತಿರುಗಿಸಿ.

ಸಬರ್ಬನ್ ಕಂಪನಿಯ ಹೀಟರ್ ಆಗಿದ್ದರೆ ಆ ಬಿರಡೆಯ ಜೊತೆ ಒಂದು ಉದ್ದ ಕಡ್ಡಿ ಈಚೆಗೆ ಬರುತ್ತದೆ. ಅದು ಆನೋಡ್ ರಾಡ್. ಟ್ಯಾಂಕಿನ ಉಕ್ಕಿಗೆ ತುಕ್ಕು ಹಿಡಿಯುವ ಬದಲು ಆ ಕಡ್ಡಿ ತಾನು ಸವೆಯುತ್ತದೆ. ಹೊಸದಿದ್ದಾಗ ಹೆಬ್ಬೆರಳಿನಷ್ಟು ದಪ್ಪ, ನುಣುಪು. ಕೆಲಸ ಮಾಡಿದ ಮೇಲೆ ನೋಡಿ, ಮೈಯೆಲ್ಲ ಹಳ್ಳ ಬಿದ್ದು, ಕೆಲವು ಕಡೆ ನಡುವಿನ ತಂತಿ ಕಾಣುತ್ತಿರುತ್ತದೆ. ಮುಕ್ಕಾಲು ಭಾಗ ಹೋಗಿದ್ದರೆ ಬದಲಾಯಿಸಿ. ಆಟ್‌ವುಡ್ ಹೀಟರಿನ ಟ್ಯಾಂಕ್ ಅಲ್ಯೂಮಿನಿಯಮ್, ಅದಕ್ಕೆ ಕಡ್ಡಿ ಇಲ್ಲ, ಪ್ಲಾಸ್ಟಿಕ್ ಬಿರಡೆ ಅಷ್ಟೇ. ಅದಕ್ಕೆ ಉಕ್ಕಿನ ಬಿರಡೆ ಹಾಕಲು ಹೋಗಬೇಡಿ, ಪ್ಲಾಸ್ಟಿಕ್ಕೇ ಸರಿ. ನೀರು ಹೋದ ಮೇಲೆ ತಳದಲ್ಲಿ ಬಿಳಿ ಸುಣ್ಣದ ಚೂರುಗಳು ಉಳಿದಿರುತ್ತವೆ, ಹೋಸ್ ತೂರಿಸಿ ತೊಳೆಯಿರಿ.

ಇನ್ನು ಬೈಪಾಸ್, ಅಂದರೆ ಹೀಟರಿನ ಟ್ಯಾಂಕನ್ನು ಬಿಟ್ಟು ಪಕ್ಕದಿಂದ ಹೋಗುವ ದಾರಿ. ಹೀಟರಿನ ಹಿಂಭಾಗದಲ್ಲಿ, ಯಾವುದೋ ಹಲಗೆಯ ಹಿಂದೆ, ಎರಡೋ ಮೂರೋ ವಾಲ್ವ್ ಇರುತ್ತವೆ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಮೂರಿದ್ದರೆ ಹೀಟರಿಗೆ ಹೋಗುವುದು, ಬರುವುದು ಎರಡನ್ನೂ ಮುಚ್ಚಿ, ನಡುವಿನದನ್ನು ತೆರೆಯಿರಿ. ಇದನ್ನು ಮರೆತರೆ ಪೈಪು ಹೆಪ್ಪುಗಟ್ಟಿ ಒಡೆಯದಿರಲು ನೀವು ಹಾಕುವ ಆಂಟಿಫ್ರೀಜ್ ದ್ರವ ಮೊದಲು ಆ 6 ಅಥವಾ 10 ಗ್ಯಾಲನ್ ಟ್ಯಾಂಕನ್ನು ತುಂಬುತ್ತದೆ. ಸುಮ್ನೆ ದುಡ್ಡು ದಂಡ. ಬೈಪಾಸ್ ಮಾಡಿದರೆ ಎರಡು ಮೂರು ಗ್ಯಾಲನ್‌ನಲ್ಲಿ ಹೆಚ್ಚಿನ ಗಾಡಿಗಳ ಕೆಲಸ ಮುಗಿಯುತ್ತದೆ. ಟ್ಯಾಂಕ್ ಇಲ್ಲದ ಹೀಟರ್ ಇರುವವರು ಅದರ ಮ್ಯಾನ್ಯುಯಲ್ ಹೇಳಿದಂತೆಯೇ ಮಾಡಿ, ಒಂದೊಂದರದು ಒಂದೊಂದು ಕ್ರಮ.

ಆಂಟಿಫ್ರೀಜ್ ಅಂದಾಗ ಒಂದು ಎಚ್ಚರಿಕೆ. ಬೇಕಾದದ್ದು ಆರ್‌ವಿಗಳಿಗೆಂದೇ, ಅಂದರೆ ಮೋಟರ್‌ಹೋಮ್‌ನಂಥ ಗಾಡಿಗಳಿಗೆಂದೇ, ಮಾರುವ ಗುಲಾಬಿ ಬಣ್ಣದ್ದು, ಪ್ರೊಪಿಲೀನ್ ಗ್ಲೈಕಾಲ್‌ನದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದು ರುಚಿಗೆ ಸಿಹಿ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ನಮ್ಮ ಮಕ್ಕಳು ಹಲ್ಲುಜ್ಜುವ ಪೈಪಿನೊಳಗೆ ಅದು ಯಾವ ಕಾರಣಕ್ಕೂ ಹೋಗಬಾರದು. ಗುಲಾಬಿ ಕ್ಯಾನಿನ ಮೇಲೆ ಮೈನಸ್ 50 ಫ್ಯಾರನ್‌ಹೀಟ್ ಅಂತ ಬರೆದಿರುತ್ತದೆ. ಅಷ್ಟು ಚಳಿಯವರೆಗೆ ಪೈಪು ಒಡೆಯುವುದಿಲ್ಲ ಅಂತ ಅದರ ಅರ್ಥ. ಅದಕ್ಕಿಂತ ಎಷ್ಟೋ ಮೊದಲೇ ಅದು ಗಂಜಿಯಾಗಿರುತ್ತದೆ, ಆದರೆ ಗಂಜಿಗೆ ಪೈಪು ಸೀಳುವ ಬಲವಿಲ್ಲ. ಮುಖ್ಯ ಏನೆಂದರೆ ಉಳಿದ ನೀರು ಬೆರೆತರೆ ಅದರ ಶಕ್ತಿ ಇಳಿಯುತ್ತದೆ. ಆದ್ದರಿಂದ ಗಾಡಿಯ ಕೆಳಗಿರುವ ಲೋ ಪಾಯಿಂಟ್ ಡ್ರೈನ್‌ಗಳನ್ನು, ಬಿಸಿನೀರಿನದೊಂದು ತಣ್ಣೀರಿನದೊಂದು, ಬಿಚ್ಚಿ ಪೂರ್ತಿ ಹರಿಯಲು ಬಿಡಿ, ಆಮೇಲೆ ಮರೆಯದೆ ಮುಚ್ಚಿ.

ಕಂಪ್ರೆಸರ್‌ನಿಂದ ಗಾಳಿ ಊದಿದರೆ ಸಾಕಲ್ಲವೇ ಅಂತ ಕೇಳುತ್ತಾರೆ. ಊದಬಹುದು, 40 ಪಿಎಸ್‌ಐ ಒತ್ತಡ ದಾಟಬಾರದು. ಆದರೆ ಗಾಳಿ ನೀರಿನ ಮೇಲೆ ಹಾದುಹೋಗಿ ತಗ್ಗಿನ ನೀರನ್ನು ಅಲ್ಲೇ ಬಿಡುವುದುಂಟು. ಮಿನೆಸೋಟದ ಟವರ್ ಅನ್ನುವ ಊರಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್ ದಾಖಲಾಗಿದೆ. ಅಂಥ ಸೀಮೆಯಲ್ಲಿ ಇರುವವರು ಗಾಳಿಯನ್ನೂ ಊದಿ, ಗುಲಾಬಿಯನ್ನೂ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪಂಪಿಗೆ ನೀರು ಬರುವ ಕಡೆ ಒಂದು ಸಣ್ಣ ಹೋಸ್ ಜೋಡಿಸಿ, ಅದರ ತುದಿಯನ್ನು ಆಂಟಿಫ್ರೀಜ್ ಕ್ಯಾನಿಗೆ ಇಳಿಸಿ ಪಂಪ್ ಆನ್ ಮಾಡಿ. ಅನೇಕ ಗಾಡಿಗಳಲ್ಲಿ ಇದಕ್ಕೆ ವಾಲ್ವ್ ಮೊದಲೇ ಇರುತ್ತದೆ. ಹತ್ತಿರದ ನಲ್ಲಿಯಿಂದ ಶುರು ಮಾಡಿ, ಬಿಸಿ, ತಣ್ಣಗೆ ಎರಡೂ ಬೇರೆ ಬೇರೆಯಾಗಿ, ಗಾಢ ಗುಲಾಬಿ ಬರುವವರೆಗೆ ಬಿಡಿ. ತೆಳು ಗುಲಾಬಿ ಬಂದರೆ ನಿಲ್ಲಿಸಬೇಡಿ, ಇನ್ನೂ ನೀರಿದೆ. ಸಿಂಕು, ಷವರ್, ಟಾಯ್ಲೆಟ್. ಸಿಂಕಿನ ಕೆಳಗಿನ ಬಾಗಿದ ಪೈಪುಗಳಿಗೂ ಒಂದೊಂದು ಲೋಟ ಸುರಿಯಿರಿ.

ಬಹಳ ಜನ ಮರೆಯುವ ಜಾಗಗಳು ಇವು. ಗಾಡಿಯ ಹೊರಗಿನ ಷವರ್, ಐಸ್ ಮಾಡುವ ಫ್ರಿಜ್ಜಿನ ಪೈಪು, ವಾಷಿಂಗ್ ಮೆಷೀನ್, ಮತ್ತು ಹೊರಗಿನಿಂದ ಹೋಸ್ ಜೋಡಿಸುವ ಬಾಯಿ. ಆ ಬಾಯಿಯ ಜಾಲರಿ ತೆಗೆದು, ಪಂಪಿನ ಒತ್ತಡ ಇಳಿಸಿಕೊಂಡು, ನಡುವಿನ ಗುಂಡಿಯನ್ನು ಒತ್ತಿದರೆ ಗುಲಾಬಿ ಹನಿ ಈಚೆ ಬರಬೇಕು. ಇನ್ನೊಂದು, ಪಂಪಿನ ಮೂತಿಗೆ ಇರುವ, ಕಸ ಸೋಸುವ ಸ್ಟ್ರೇನರ್. ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು, ಅಂಗೈಯಲ್ಲಿ ಹಿಡಿಯುವಷ್ಟು. ಅದರಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ವಸಂತದಲ್ಲಿ ನಲ್ಲಿ ಬಿಟ್ಟರೆ ನೀರಿನ ಜೊತೆ ಗಾಳಿ ಉಗುಳುತ್ತದೆ, ಪಂಪ್ ಓಡುತ್ತಲೇ ಇರುತ್ತದೆ, ನೀವು ಪಂಪೇ ಕೆಟ್ಟಿತು ಅಂತ ಹೊಸದು ತರಲು ಹೊರಡುತ್ತೀರಿ. ಮೊದಲು ಆ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಎಲ್ಲ ಮುಗಿದ ಮೇಲೆ ಪಂಪ್ ಆಫ್ ಮಾಡಿ, ನಲ್ಲಿಗಳನ್ನು ಒಮ್ಮೆ ತೆರೆದು ಒತ್ತಡ ಬಿಡಿ, ತೆರೆದೇ ಇಟ್ಟರೂ ಸರಿ. ಹೀಟರಿನ ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ ‘ಟ್ಯಾಂಕ್ ಖಾಲಿ, ಬೈಪಾಸ್‌ನಲ್ಲಿದೆ’ ಅಂತ ಬರೆದಿಡಿ. ನೀರಿಲ್ಲದೆ ಕರೆಂಟ್ ಹಾಕಿದರೆ ಒಳಗಿನ ಎಲಿಮೆಂಟ್ ಸುಟ್ಟುಹೋಗುತ್ತದೆ.

ಕ್ರಿಸ್‌ಮಸ್ ರಜೆಗೆ ಇದೇ ಗಾಡಿಯಲ್ಲಿ ಫ್ಲಾರಿಡಾ ಕಡೆ ಹೊರಡುವವರು ದಾರಿಯಲ್ಲಿ ಚಳಿ ದಾಟುವ ತನಕ ಟ್ಯಾಂಕಿಗೆ ನೀರು ತುಂಬಬೇಡಿ. ಕುಡಿಯಲು, ಅಡುಗೆಗೆ ಕ್ಯಾನಿನಲ್ಲಿ ನೀರು ಒಯ್ಯಿರಿ. ಟಾಯ್ಲೆಟ್ ಬಳಸಿದ ಮೇಲೆ ಗುಲಾಬಿ ಆಂಟಿಫ್ರೀಜನ್ನೇ ಸ್ವಲ್ಪ ಸುರಿದು ಫ್ಲಷ್ ಮಾಡಿ. ಜಾರ್ಜಿಯ ದಾಟಿ ರಾತ್ರಿಗಳು ಬೆಚ್ಚಗಾದ ಮೇಲೆ ಪೈಪುಗಳನ್ನು ತೊಳೆದು ನೀರು ತುಂಬಿಸಿಕೊಳ್ಳಿ, ಮತ್ತು ಉತ್ತರಕ್ಕೆ ತಿರುಗುವ ಮುಂಚೆ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕಾಗುತ್ತದೆ, ಅದಕ್ಕೆಂದು ಮೂರು ಕ್ಯಾನ್ ಜಾಸ್ತಿ ಇಟ್ಟುಕೊಂಡೇ ಹೊರಡಿ. ನಮಸ್ಕಾರ.